ಕೀಲಿ ಹಾಕಿದ ಕೋಣೆಯ ಸದ್ದು

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಮೀನಮೇಷ ಎಣಿಸಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಳೇ ಬಾವಿಯ ಹತ್ತಿರ ಗೆಜ್ಜೆ ಸದ್ದಾಯಿತು, ಲ್ಯಾಬಿನಲ್ಲಿ ಯಾರೋ ನಡೆದಾಡಿದರು ಎಂದು ಹುಡುಗಿಯರು ಹೆದರಿ ಬಂದರೆ, ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಗಾಳಿಗೆ ಅಲುಗಾಡುವ ತಗಡನ್ನೋ ಸಡಿಲಾದ ಕಿಟಕಿಯನ್ನೋ ತೋರಿಸಿ ನಗಿಸಿ ಕಳಿಸಿದವಳು. ಇಂಥ ಅನುಭವಗಳನ್ನು ಯಾರಾದರೂ ಬರೆದರೆ, ಇವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದುಕೊಂಡು ಪುಟ ಮಗುಚಿದವಳು. ಈಗ ನೀವು ನನ್ನ ವಿಷಯದಲ್ಲೂ ಹಾಗೆ ಅಂದುಕೊಂಡರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರಲ್ಲಿ ನನಗೆ ನಾಚಿಕೆ ತರುವ ಒಂದು ಸಂಗತಿಯೂ ಇದೆ, ಅದನ್ನೂ ಬಚ್ಚಿಡುವುದಿಲ್ಲ.

ಮೊದಲು ನನ್ನ ಮದುವೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಾನು ಮದುವೆಯಾದದ್ದು ನನ್ನ ತಾಯಿಯ ಕೊನೆಯ ತಮ್ಮನನ್ನು. ರಾಯಬಾಗದಲ್ಲಿ ಅವರ ಬೀಜ, ಗೊಬ್ಬರದ ಅಂಗಡಿ ಇದೆ. ಚಿಕ್ಕಂದಿನಿಂದ ಅವರನ್ನು ಮಾಮಾ ಎಂದು ಕರೆದವಳು ಈಗಲೂ ಹಾಗೆಯೇ ಕರೆಯುತ್ತೇನೆ. ನಮ್ಮ ಜೈನ ಮನೆತನಗಳಲ್ಲಿ, ನಮ್ಮಲ್ಲೇಕೆ, ಈ ಕಡೆಯ ಎಷ್ಟೋ ಮನೆಗಳಲ್ಲಿ ಇದೇನೂ ಹೊಸದಲ್ಲ. ಹುಡುಗಿ ಕಣ್ಣೆದುರಿಗೇ ಇರುತ್ತಾಳೆ, ಹೊಲಮನೆ ಒಂದೇ ಕಡೆ ಇರುತ್ತದೆ ಎಂಬ ಲೆಕ್ಕಾಚಾರ. ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ, ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆಯಾಗುವ ಸಂಭವ ಹೆಚ್ಚು ಎಂದು ಬೋರ್ಡಿನ ಮೇಲೆ ಬರೆದು, ಕೈಗಂಟಿದ ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುತ್ತ ಮಾಮಾನ ಮನೆಗೇ ಬರುತ್ತಿದ್ದೆ. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರೋ ಏನೋ.

ಹೀಗಾಗಿ ನನ್ನ ಅತ್ತೆಯೆಂದರೆ ನನ್ನ ತಾಯಿಯ ತಾಯಿ. ಅವಳನ್ನು ನಾವು ಆಯಿ ಎನ್ನುತ್ತೇವೆ. ಈ ಮದುವೆ ಮಾಡಿಸಿದ್ದೂ ಆಯಿಯೇ. ಕಟ್ಟಾ ನೇಮದ ಹೆಂಗಸು. ಹೊತ್ತು ಮುಳುಗಿದ ಮೇಲೆ ಅವಳು ಅನ್ನ ಹಾಗಿರಲಿ, ಒಂದು ಗುಟುಕು ನೀರು ಕುಡಿದದ್ದನ್ನೂ ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವುದರೊಳಗೆ ಒಲೆ ಆರುತ್ತಿತ್ತು. ನಾನೊಬ್ಬಳು ಮಾತ್ರ ಶಾಲೆಯಿಂದ ತಡವಾಗಿ ಬಂದ ದಿನ, ಒಳಗಿನ ಕೋಣೆಯಲ್ಲಿ ಕಳ್ಳಬೆಕ್ಕಿನ ಹಾಗೆ ತಿಂದು ಮುಗಿಸುತ್ತಿದ್ದೆ. ಆಯಿಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ.

ಮದುವೆಯಾಗಿ ನಾಲ್ಕು ವರ್ಷದ ಮೇಲೆ ಬಸಿರಾದೆ. ಐದನೇ ತಿಂಗಳ ಸ್ಕ್ಯಾನ್ ಮಾಡಿದ ರಾಯಬಾಗದ ಡಾಕ್ಟರಮ್ಮ ಬಹಳ ಹೊತ್ತು ಒಂದೇ ಕಡೆ ಯಂತ್ರವನ್ನು ಒತ್ತಿ ಹಿಡಿದು ಕೇಳಿದರು, "ಸಂಬಂಧದಾಗ ಲಗ್ನ ಆಗೇತೇನ್ರಿ ಟೀಚರ?"

ಹೌದು ಎಂದೆ.

"ಹಾರ್ಟಿನ ಒಂದು ಕಡೆ ಬರೋಬ್ಬರಿ ಕಾಣವಲ್ತು. ಏನೂ ಇರಲಿಕ್ಕಿಲ್ಲ. ಆದ್ರ ಹಾರ್ಟಿಂದ ಬ್ಯಾರೇ ಸ್ಕ್ಯಾನ್ ಇರತೈತಿ, ಅದನ್ನ ಈ ವಾರದಾಗ ಮಾಡಸ್ರಿ. ತಡಾ ಮಾಡಬ್ಯಾಡ್ರಿ."

ತಡ ಮಾಡಿದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ದೋಷ ದೊಡ್ಡದಿದ್ದರೆ ಕೂಸನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಕಾಯ್ದೆಯ ಪ್ರಕಾರ ಇನ್ನು ಕೆಲವೇ ದಿನ ಉಳಿದಿದ್ದವು. ಗರ್ಭದ ಕೂಸಿನ ಹೃದಯವನ್ನು ನೋಡುವ ಡಾಕ್ಟರು ಕೊಲ್ಲಾಪುರದಿಂದ ಚಿಕ್ಕೋಡಿಯ ಒಂದು ಸ್ಕ್ಯಾನ್ ಸೆಂಟರಿಗೆ ತಿಂಗಳಿಗೆ ಎರಡು ಶನಿವಾರ ಮಾತ್ರ ಬರುತ್ತಿದ್ದರು. ಬರುವ ಶನಿವಾರ ತಪ್ಪಿದರೆ ಮುಂದಿನದಕ್ಕೆ ಹೋಗಿ ಪ್ರಯೋಜನವಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ಶಾಲೆಗೆ ಹೋಗುವ ದಾರಿಯಲ್ಲಿ ಬಸದಿಯ ಒಳಗೆ ಹೋಗಿ, ಕೂಸಿನ ಹೃದಯ ನೆಟ್ಟಗಿರಲಿ, ಹೆರಿಗೆಯಾಗುವವರೆಗೂ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ನೇಮ ಹಿಡಿದು ಬಂದೆ. ಬಸುರಿಗೆ ಇಂಥ ನೇಮ ಬೇಕಿಲ್ಲ, ನಮ್ಮಲ್ಲಿ ಯಾರೂ ಹಿಡಿಸುವುದೂ ಇಲ್ಲ. ಆಯಿಗೆ ಹೇಳಿದರೆ ಬೈಯುತ್ತಿದ್ದಳು. ಮಾಮಾನಿಗೆ ಹೇಳಿದರೆ, ವಿಜ್ಞಾನದ ಟೀಚರ್ ನೇಮ ಹಿಡಿದಳು ಎಂದು ವರ್ಷಗಟ್ಟಲೆ ಕಾಡಿಸುತ್ತಿದ್ದರು. ಯಾರಿಗೂ ಹೇಳಲಿಲ್ಲ. ನಂಬಿಕೆ ಇದ್ದವರಿಗೆ ನೇಮದಲ್ಲಿ ಎಲ್ಲಿ ಸಡಿಲು ಬಿಡಬಹುದು ಎನ್ನುವುದು ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಮಾಮಾ ನನ್ನನ್ನೂ ಆಯಿಯನ್ನೂ ಚಿಕ್ಕೋಡಿಯಲ್ಲಿ ಬಿಟ್ಟು, ಸಂಜೆ ಬರುತ್ತೇನೆಂದು ಅಂಗಡಿಗೆ ಹೋದರು. ಆ ಸೆಂಟರ್ ಇದ್ದದ್ದು ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ. ಮೇಲೆ ಬಟ್ಟೆಯ ಅಂಗಡಿ, ಪಾತ್ರೆಯ ಅಂಗಡಿ. ಹದಿನಾಲ್ಕು ಮೆಟ್ಟಿಲು ಇಳಿದರೆ ಅರ್ಧ ಎಳೆದ ಕಬ್ಬಿಣದ ಗೇಟು, ಅದರಾಚೆ ಕಿಟಕಿಯಿಲ್ಲದ ಹಾಲ್. ಒಂದಕ್ಕೊಂದು ಜೋಡಿಸಿದ ಕಬ್ಬಿಣದ ಕುರ್ಚಿಗಳು. ಫೋನಿಗೆ ಸಿಗ್ನಲ್ ಇಲ್ಲ. ಕೂಗಿದಾಗ ಇಲ್ಲದಿದ್ದರೆ ನಂಬರು ಕೊನೆಗೆ ಹೋಗುತ್ತದೆ ಎಂದು ರಿಸೆಪ್ಶನ್ನಿನ ಹೆಣ್ಣುಮಗಳು ಮೊದಲೇ ಹೇಳಿದ್ದರಿಂದ ಯಾರೂ ಏಳುವಂತಿರಲಿಲ್ಲ. ಎಂಟು ಹತ್ತು ಬಸುರಿಯರು, ಅವರ ಜೊತೆ ತಾಯಂದಿರು, ಅತ್ತೆಯರು. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ನಮ್ಮ ಕುರ್ಚಿಯ ಬೆನ್ನಿಗೇ ಪ್ಲೈವುಡ್ಡಿನ ಗೋಡೆ. ಅದರ ಹಿಂದೆ ಸ್ಕ್ಯಾನ್ ಕೋಣೆ. ಬಾಗಿಲಿಗೆ ಕೀಲಿ ಹಾಕಿತ್ತು. ಡಾಕ್ಟರು ಬರುವವರೆಗೂ ಆ ಕೋಣೆಯನ್ನು ತೆಗೆಯುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ ಎಂಬ ಕಟ್ಟುನಿಟ್ಟು.

ಹನ್ನೊಂದಕ್ಕೆ ಬರಬೇಕಾದ ಡಾಕ್ಟರು ಎರಡಾದರೂ ಬರಲಿಲ್ಲ. ಕಬ್ಬಿನ ಹಂಗಾಮು. ನಿಪ್ಪಾಣಿಯ ಆಚೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಮಗುಚಿ ಬಿದ್ದು ರಸ್ತೆ ಬಂದ್ ಆಗಿದೆ ಎಂದರು. ಮನೆಗೆ ಹೋಗಿಬಿಡೋಣ ಎನ್ನಿಸುತ್ತಿತ್ತು. ಹೋದರೆ ಗೊತ್ತಾಗುವುದಿಲ್ಲ. ಕೂತರೆ ಗೊತ್ತಾಗುತ್ತದೆ. ಎರಡಕ್ಕೂ ಸಮನಾಗಿ ಹೆದರುತ್ತಿದ್ದೆ. ಎಷ್ಟು ವರ್ಷ ನಾನು ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದಿದ್ದೇನೆ! ನಾಲ್ಕು ಕೋಣೆ, ನಡುವೆ ಗೋಡೆ, ಒಂದು ಕಡೆ ಕೆಂಪು ಚಾಕ್‌ಪೀಸು, ಇನ್ನೊಂದು ಕಡೆ ನೀಲಿ. ಗೋಡೆಯಲ್ಲಿ ತೂತಿದ್ದರೆ ಎರಡೂ ಬಣ್ಣ ಬೆರೆಯುತ್ತವೆ ಎಂದು ಬೆರಳಿನಿಂದ ತಿಕ್ಕಿ ತೋರಿಸುತ್ತಿದ್ದೆ. ಅಂದು ಕಣ್ಣು ಮುಚ್ಚಿದರೆ ಆ ತಿಕ್ಕಿದ ಬಣ್ಣವೇ ಕಾಣುತ್ತಿತ್ತು. ಪಕ್ಕದಲ್ಲಿ ಆಯಿ ಜಪಮಾಲೆ ತಿರುಗಿಸುತ್ತಿದ್ದಳು. ನೀನೇ ಅಲ್ಲವೇ ಈ ಮದುವೆ ಮಾಡಿಸಿದವಳು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಆದರೆ ಅವಳ ಕಡೆ ನೋಡುವುದನ್ನು ಬಿಟ್ಟೆ.

ನಾಲ್ಕು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಇನ್ವರ್ಟರಿನ ಮೇಲೆ ಒಂದೇ ಒಂದು ಟ್ಯೂಬ್‌ಲೈಟ್ ಉಳಿಯಿತು, ಫ್ಯಾನು ನಿಂತವು. ಹಾಲ್‌ನಲ್ಲಿ ಮಾತೂ ನಿಂತಿತು. ಆಗ ನನ್ನ ಬೆನ್ನ ಹಿಂದಿನ ಪ್ಲೈವುಡ್ಡಿನ ಆಚೆಯಿಂದ ಸದ್ದು ಶುರುವಾಯಿತು.

ಕೂಸಿನ ಹೃದಯದ ಸದ್ದು ಕೇಳಿದವರಿಗೆ ಅದನ್ನು ಹೇಳಿ ತಿಳಿಸಬೇಕಾಗಿಲ್ಲ. ಕೇಳದವರಿಗೆ ಹೇಳುವುದಾದರೆ, ಪಕ್ಕದ ಮನೆಯಲ್ಲಿ ಯಾರೋ ಅವಸರದಿಂದ ರೊಟ್ಟಿ ಬಡಿಯುತ್ತಿರುವ ಸದ್ದಿನ ಹಾಗಿರುತ್ತದೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಅರೆಕ್ಷಣ ಕೇಳಿದ್ದೆ, ಹೀಗಾಗಿ ತಕ್ಷಣ ಗುರುತು ಹಿಡಿದೆ. ಡಾಕ್ಟರು ಬೇರೆ ಬಾಗಿಲಿನಿಂದ ಬಂದು ಯಾರನ್ನೋ ಮೊದಲು ಒಳಗೆ ತೆಗೆದುಕೊಂಡಿದ್ದಾರೆ ಎಂದುಕೊಂಡೆ. ಮಾಸ್ತರಿಕೆಯ ಚಟ, ಎಣಿಸತೊಡಗಿದೆ. ಏಳು ಬಡಿತ ಸರಿಯಾಗಿ ಬಂದವು. ಎಂಟನೆಯದು ಬರಲಿಲ್ಲ. ರೊಟ್ಟಿ ಬಡಿಯುವವಳು ಹಿಟ್ಟು ಉದುರಿಸಲು ಕೈ ತಡೆದ ಹಾಗೆ ಒಂದು ತೆರವು. ಆಮೇಲೆ ಒಂದು ಭಾರವಾದ ಬಡಿತ. ಮತ್ತೆ ಏಳು, ಮತ್ತೆ ತೆರವು, ಮತ್ತೆ ಭಾರವಾದದ್ದು. ತಪ್ಪದೆ ಅದೇ ಲೆಕ್ಕ.

ತಿರುಗಿ ಗೋಡೆಗೆ ಅಂಗೈ ಇಟ್ಟೆ. ಹಲಗೆ ತಣ್ಣಗೆ ಸುಮ್ಮನಿತ್ತು, ಸ್ವಲ್ಪವೂ ಕಂಪನವಿರಲಿಲ್ಲ. ಸದ್ದು ಮಾತ್ರ ನಡೆದೇ ಇತ್ತು. ಯಾರದೋ ಕೂಸು, ಪಾಪ, ಅದರ ಹೃದಯ ಸರಿಯಿಲ್ಲ ಎಂದು ನನಗೆ ಖಾತ್ರಿಯಾಯಿತು.

ನಾಚಿಕೆಯ ಸಂಗತಿ ಎಂದೆನಲ್ಲ, ಅದು ಇಲ್ಲಿದೆ. ಒಳಗೆ ಮಲಗಿದ್ದಾಳೆಂದು ನಾನು ತಿಳಿದುಕೊಂಡಿದ್ದ ಆ ಹೆಂಗಸಿಗಾಗಿ ಮರುಗುವ ಬದಲು ನನಗೆ ಒಳಗೊಳಗೇ ಸಮಾಧಾನವಾಯಿತು. ಇಷ್ಟು ಜನರಲ್ಲಿ ಯಾರೋ ಒಬ್ಬರಿಗೆ ಕೆಟ್ಟದ್ದು ಬರಲೇಬೇಕು ಎಂದಿದ್ದರೆ ಅದು ಅವಳಿಗೆ ಬಂತು, ನನ್ನದು ಪಾರಾಯಿತು ಎನ್ನಿಸಿತು. ಎನ್ನಿಸಿದ್ದಷ್ಟೇ ಅಲ್ಲ, ಕಣ್ಣು ಮುಚ್ಚಿ ಬೇಡಿಕೊಂಡೆ. ಆ ಕೂಸಿಗೇ ಇರಲಿ, ನನ್ನದಕ್ಕೆ ಬೇಡ ಎಂದು ಬೇಡಿಕೊಂಡೆ. ಇದೇ ಮಾತುಗಳು. ಇವತ್ತಿಗೂ ಒಂದಕ್ಷರ ಮರೆತಿಲ್ಲ.

ಕಣ್ಣು ತೆರೆದಾಗ ಆಯಿಯ ಕಡೆ ನೋಡಿದೆ. ಅವಳ ಬೆರಳು ಜಪಮಾಲೆಯ ಒಂದು ಮಣಿಯ ಮೇಲೆ ನಿಂತುಬಿಟ್ಟಿತ್ತು. ತಲೆ ಸ್ವಲ್ಪ ಹಿಂದಕ್ಕೆ, ಗೋಡೆಯ ಕಡೆಗೆ ವಾಲಿತ್ತು. ತುಟಿ ಅಲ್ಲಾಡುತ್ತಿತ್ತು, ಆದರೆ ಅದು ಮಂತ್ರವಲ್ಲ. ಅವಳೂ ಎಣಿಸುತ್ತಿದ್ದಳು.

ಸದ್ದು ನಾಲ್ಕೈದು ನಿಮಿಷ ಇದ್ದಿರಬೇಕು. ಬಂದ ಹಾಗೆಯೇ ನಿಂತಿತು. ಬಾಗಿಲು ತೆರೆದು ಆ ಹೆಂಗಸು ಹೊರಗೆ ಬರುತ್ತಾಳೆಂದು ಕಾದೆ. ಯಾರೂ ಬರಲಿಲ್ಲ. ಆಚೆ ಬದಿಯ ಕುರ್ಚಿಯಲ್ಲಿ ನಿಪ್ಪಾಣಿ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಬಸುರಿ ಕೂತಿದ್ದಳು. ಅವಳನ್ನು ಕೇಳಿದೆ, "ಕೂಸಿನ ಸಪ್ಪಳ ಕೇಳಿದಿ?"

"ಕಸಲಾ ಆವಾಜ್ರಿ ಅಕ್ಕಾ, ಎಂಥಾ ಸಪ್ಪಳ? ನನಗೇನ ಕೇಳಿಸಿಲ್ಲಲ್ಲ," ಎಂದು ಅವಳು ನನ್ನನ್ನೇ ದಿಟ್ಟಿಸಿದಳು.

ಎದ್ದು ರಿಸೆಪ್ಶನ್ನಿಗೆ ಹೋದೆ. "ಒಳಗ ಯಾರನ್ನ ಬಿಟ್ಟೀರಿ? ನಂಬರ ಪ್ರಕಾರ ಬಿಡಬೇಕಲ್ಲ?"

"ಯಾರನ್ನ ಬಿಡ್ಲಿರಿ ಮೇಡಂ?" ಎಂದು ಆಕೆ ನಕ್ಕಳು. "ಡಾಕ್ಟರ್ ಇನ್ನ ನಿಪ್ಪಾಣಿ ದಾಟಿಲ್ರಿ. ಕೀಲಿ ನೋಡ್ರಿ, ನನ್ನ ಕಡೇನ ಐತಿ."

ನನ್ನ ಮುಖ ಹೇಗಿತ್ತೋ ಏನೋ, ಆಕೆ ನಗು ನಿಲ್ಲಿಸಿ, "ಬರ್ರಿ, ಹೊಸ್ತಿಲದಾಗ ನಿಂತ ನೋಡ್ರಿ," ಎಂದು ಕೀಲಿ ತೆಗೆದು ಬಾಗಿಲು ನೂಕಿ ಮೊಬೈಲಿನ ಬೆಳಕು ಬಿಟ್ಟಳು. ಸಣ್ಣ ಕೋಣೆ. ಒಂದು ಮಂಚ. ಯಂತ್ರದ ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿತ್ತು. ಅದರ ವೈರನ್ನು ಸುತ್ತಿ ಮೇಲಿಟ್ಟಿದ್ದರು, ಪಿನ್ನು ಗಾಳಿಯಲ್ಲಿ ನೇತಾಡುತ್ತಿತ್ತು. ಬೇರೆ ಬಾಗಿಲಿರಲಿಲ್ಲ.

ಮರಳಿ ಬಂದು ಕೂತೆ. ಹೊರಟುಬಿಡಬೇಕು ಎಂದು ಕಾಲು ತುಡಿಯುತ್ತಿದ್ದವು. ಆ ಗೋಡೆಗೆ ಬೆನ್ನು ತಾಗದ ಹಾಗೆ ಮುಂದಕ್ಕೆ ಸರಿದು ಕುಳಿತೆ. ಬೇರೆ ಕುರ್ಚಿ ಖಾಲಿ ಇರಲಿಲ್ಲ.

ಐದು ಗಂಟೆಯ ಹೊತ್ತಿಗೆ ಕರೆಂಟೂ ಬಂತು, ಡಾಕ್ಟರೂ ಬಂದರು. ನಡುವಯಸ್ಸಿನ ಹೆಣ್ಣುಮಗಳು, ಮರಾಠಿ ಬೆರೆತ ಕನ್ನಡ. ನನಗಿಂತ ಮುಂದಿನ ಮೂವರದ್ದು ಮುಗಿದು ನನ್ನ ಸರದಿ ಬಂದಾಗ ಆರಾಗುತ್ತ ಬಂದಿತ್ತು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು. ಅವರು ಆ ಕಡೆ ಈ ಕಡೆ ಒತ್ತಿ ನೋಡಿ, ನನ್ನನ್ನು ಮಗ್ಗುಲಾಗಿಸಿ ನೋಡಿ, ಕೊನೆಗೆ ಕೈ ತೆಗೆದರು.

"ಕೂಸು ಬೆನ್ನ ತೋರಿಸಿ ಮಲಗೇತ್ರಿ. ಹಾರ್ಟ್ ಕಾಣಂಗಿಲ್ಲ. ಹೊರಗ ಹೋಗಿ ಏನರ ಗೋಡ ತಿನ್ರಿ, ನೀರ ಕುಡೀರಿ, ಸ್ವಲ್ಪ ತಿರಗ್ಯಾಡ್ರಿ. ಹೊಟ್ಟಿಗೆ ಸಿಹಿ ಹೋದ್ರ ಕೂಸು ಹೊಳ್ಳತೈತಿ. ಉಳದವರದ ಮುಗಿಸಿ ನೋಡತೀನಿ. ಆಗೂ ಕಾಣಲಿಲ್ಲ ಅಂದ್ರ ಮುಂದಿನ ಸಲಾನ."

ಮುಂದಿನ ಸಲ ಎಂಬುದೇ ಇರಲಿಲ್ಲ. ಹೊರಗೆ ಬಂದು ಗೇಟಿನ ಬಳಿ ನಿಂತು ಮೆಟ್ಟಿಲಿನ ಮೇಲಕ್ಕೆ ನೋಡಿದೆ. ರಸ್ತೆಯ ದೀಪ ಹತ್ತಿದ್ದವು. ಹೊತ್ತು ಮುಳುಗಿತ್ತು.

ಈಗ ನೀವು ನಗಬಹುದು. ನೇಮ ಎಂದರೆ ಎಷ್ಟು ದೊಡ್ಡದು, ಒಂದು ಉಂಡೆ ತಿಂದರೆ ಮುಗಿಯಿತಲ್ಲ ಎನ್ನಬಹುದು. ಬೇರೆಯವರು ಬಂದು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕೂಸಿನ ಹೃದಯವನ್ನೇ ಒತ್ತೆಯಿಟ್ಟು ಮಾತು ಕೊಟ್ಟಿದ್ದೆ. ತಿಂದರೆ ನಾನೇ ಮಾತು ಮುರಿದ ಹಾಗೆ. ತಿನ್ನದಿದ್ದರೆ ಕೂಸು ತಿರುಗುವುದಿಲ್ಲ, ಏನಿದೆ ಎಂದು ತಿಳಿಯುವುದೂ ಇಲ್ಲ. ಮಧ್ಯಾಹ್ನ ಕೇಳಿದ ಆ ಸದ್ದು ಬೇರೆ ತಲೆಯಲ್ಲಿತ್ತು. ನನ್ನ ಕೈಯಾರೆ ಹೊಸೆದ ಹಗ್ಗದಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ಡಾಕ್ಟರು ಹೇಳಿದ್ದನ್ನು ಆಯಿಗೆ ಹೇಳಿದೆ. ಹಸಿವಿಲ್ಲ, ಸುಮ್ಮನೆ ತಿರುಗಾಡುತ್ತೇನೆ ಎಂದೆ. ಆ ಗೇಟಿನಿಂದ ರಿಸೆಪ್ಶನ್ನಿನವರೆಗೆ ಇಪ್ಪತ್ತು ಹೆಜ್ಜೆ. ಹೋದೆ, ಬಂದೆ. ಕೂಸು ಅಲುಗಲಿಲ್ಲ.

ನಾಲ್ಕನೇ ಸುತ್ತಿಗೆ ಆಯಿ ನನ್ನ ರಟ್ಟೆ ಹಿಡಿದು ಕೂರಿಸಿದಳು. "ನೇಮ ಹಿಡದಿಯೇನು?"

ಕಣ್ಣಲ್ಲಿ ನೀರು ಬಂತು, ಅದೇ ಉತ್ತರವಾಯಿತು.

ಆಯಿ ಚೀಲದಿಂದ ಡಬ್ಬಿ ತೆಗೆದಳು. ಮಧ್ಯಾಹ್ನಕ್ಕೆಂದು ತಂದಿದ್ದ ಶೇಂಗಾದ ಉಂಡಿ. ಹೊತ್ತು ಮುಳುಗಿದ ಮೇಲೆ ಯಾರ ತಟ್ಟೆಗೂ ಬಡಿಸದ ಕೈ ಒಂದು ಉಂಡಿ ಮುರಿಯಿತು.

"ಬಾಯಿ ತಗಿ."

"ಬ್ಯಾಡ ಆಯಿ. ಮಾತು ಕೊಟ್ಟೀನಿ."

"ನೀ ಕೊಟ್ಟಿ. ನಾ ಮುರಿಸಾಕತ್ತೀನಿ. ಪಾಪ ಏನಿದ್ರೂ ನನಗಿರಲಿ. ಲಗ್ನಾ ಮಾಡ್ಸಿದಾಕಿ ನಾನು, ತಿನಸಾಕಿನೂ ನಾನ. ತಿನ್ನು ನನ್ನ ಮಗಳ."

ತಿಂದೆ. ಅಳುತ್ತಲೇ ತಿಂದೆ. ಆಯಿ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿ, ನೀರು ಕುಡಿಸಿ, ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಬಹಳ ಮೆಲ್ಲಗೆ ಹೇಳಿದಳು.

"ನಿಮ್ಮವ್ವನ ಬೆನ್ನಿಗೆ ನನಗೊಂದ ಗಂಡಸ ಕೂಸ ಹುಟ್ಟಿತ್ತು. ನಾನೂ ಸ್ವಾದರಮಾವನ ಮಾಡ್ಕೊಂಡಾಕಿ, ಗೊತ್ತಿಲ್ಲೇನು ನಿನಗ? ತುಟಿ, ಉಗುರು ಎಲ್ಲಾ ನೀಲಿ. ಎದಿಗೆ ಕಿವಿ ಹಚ್ಚಿ ಕೇಳತಿದ್ದೆ. ಏಳು ಹೆಜ್ಜಿ ನಡದ ಒಂದ ಕಡೆ ನಿಲ್ಲತಿತ್ತು. ನಲವತ್ತ ದಿವಸ ಕೇಳೀನಿ. ನಲವತ್ತನೇ ದಿವಸ ನಿಂತದ್ದು ಮತ್ತ ನಡೀಲಿಲ್ಲ."

ನಾನು ನೀರಿನ ಬಾಟಲಿಯನ್ನು ಕೆಳಗಿಟ್ಟೆ.

"ಇವತ್ತ ಅದನ್ನ ಕೇಳಿದೆ," ಎಂದಳು ಆಯಿ. "ನೀನೂ ಕೇಳಿದಿ. ನಿನ್ನ ಮಾರಿ ನೋಡಿದೆ ನಾನು."

ಹೀಗೊಂದು ಕೂಸು ಇತ್ತು ಎಂಬುದೇ ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ನನ್ನ ತಾಯಿಯಾಗಲಿ ಮಾಮಾ ಆಗಲಿ ಎಂದೂ ಹೇಳಿದ್ದಿಲ್ಲ. ಗೊತ್ತಿದ್ದೂ ನಿನ್ನ ಮಗನಿಗೆ ನನ್ನನ್ನು ತಂದುಕೊಂಡೆಯಾ ಎಂದು ನಾನು ಆಯಿಯನ್ನು ಕೇಳಲಿಲ್ಲ. ಆ ಕ್ಷಣ ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ಅಷ್ಟರಲ್ಲಿ ಹೊಟ್ಟೆಯೊಳಗೆ ಕೂಸು ದೊಡ್ಡದಾಗಿ ಹೊರಳಿತು.

ಏಳರ ಸುಮಾರಿಗೆ ಮತ್ತೆ ಒಳಗೆ ಕರೆದರು. ಈ ಸಲ ಕೂಸು ಎದೆ ತೋರಿಸಿ ಮಲಗಿತ್ತು. ಡಾಕ್ಟರು ಅರ್ಧ ಗಂಟೆ ನೋಡಿದರು. ತೆರೆಯ ಮೇಲೆ ಕೆಂಪು ನೀಲಿ ಬಣ್ಣ ಮಿನುಗಿದವು, ನಾನು ನೋಡಲಾರದೆ ಛಾವಣಿಯ ಕಡೆ ಮುಖ ಮಾಡಿದೆ. ಆಮೇಲೆ ಅವರು ಒಂದು ಗುಂಡಿ ಒತ್ತಿದರು. ಕೋಣೆಯ ತುಂಬ ಸದ್ದು ತುಂಬಿತು.

ಒಂದು, ಎರಡು, ಮೂರು. ನಾನು ಬೇಕೆಂದು ಎಣಿಸಲಿಲ್ಲ. ಏಳಾಯಿತು. "ಈಗ ತಪ್ಪತೈತಿ," ಎಂದೆ.

ತಪ್ಪಿತು. ಅದೇ ತೆರವು. ಅದೇ ಭಾರವಾದ ಬಡಿತ. ಮತ್ತೆ ಏಳು. ಮಧ್ಯಾಹ್ನ ಗೋಡೆಯ ಆಚೆ ಕೇಳಿದ್ದು ಇದೇ ಸದ್ದು. ಯಾವ ಹೆಂಗಸಿನ ಕೂಸಿಗೆ ಇದು ಇರಲಿ ಎಂದು ನಾನು ಬೇಡಿಕೊಂಡಿದ್ದೆನೋ ಆ ಹೆಂಗಸು ನಾನೇ ಆಗಿದ್ದೆ.

ಡಾಕ್ಟರು ಕೈ ತಡೆದು ನನ್ನ ಮುಖ ನೋಡಿದರು. "ನಿಮಗ ಮೊದಲ ಯಾರರೆ ಹೇಳಿದ್ರೇನ್ರಿ? ಈ ಫೈಲಿನಾಗ ಎಲ್ಲೂ ಬರದಿಲ್ಲ."

ಇಲ್ಲ ಎಂದು ತಲೆಯಾಡಿಸಿದೆ.

"ಘಾಬರಿ ಆಗಬ್ಯಾಡ್ರಿ. ಹಾರ್ಟಿನ ರಚನಾ ಎಲ್ಲಾ ಬರೋಬ್ಬರಿ ಐತಿ. ನಾಲ್ಕೂ ಕೋಣಿ ಅದಾವ, ಗ್ವಾಡಿ ಐತಿ, ಎಲ್ಲೂ ತೂತಿಲ್ಲ. ಒಂದೊಂದ ಕೂಸಿಗೆ ಹಿಂಗ ಬಡಿತ ತಪ್ಪತೈತಿ. ಭಾಳ ಮಾಡಿ ತಾನ ಹೋಗತೈತಿ. ನಾ ನೋಡಕೋಂತ ಇರತೀನಿ."

ಅವರ ಮಾತು ನಿಜವಾಯಿತು. ಒಂಬತ್ತನೇ ತಿಂಗಳ ಹೊತ್ತಿಗೆ ಎಂಟನೆಯ ಬಡಿತ ಸರಿಯಾಗಿ ಬರತೊಡಗಿತು. ಹೆಣ್ಣು ಕೂಸು ಹುಟ್ಟಿತು. ತುಟಿ, ಉಗುರು ನಸುಗೆಂಪು. ಆದರೂ ಆಯಿ ದಿನವೂ ಕೂಸಿಗೆ ನೀರು ಎರೆದ ಮೇಲೆ ಅದರ ಎದೆಗೆ ಕಿವಿ ಹಚ್ಚುತ್ತಿದ್ದಳು. ನಲವತ್ತನೇ ದಿನ ಬೆಳಗಿನಿಂದ ಸಂಜೆಯವರೆಗೂ ಕೂಸನ್ನು ನೆಲಕ್ಕೆ ಬಿಡಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಮರುದಿನ ಅದನ್ನು ನನ್ನ ಮಡಿಲಿಗೆ ಹಾಕಿ, "ಇನ್ನ ಕೇಳೂದ ಬ್ಯಾಡ," ಎಂದಳು. ಅದೇ ಕೊನೆ. ಆ ಶನಿವಾರದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಾನು ಒಂದೆರಡು ಸಲ ಎತ್ತಲು ಹೋದಾಗ ಎದ್ದು ಹೋದಳು. ಹೋದ ವರ್ಷ ತೀರಿಕೊಂಡಳು. ಮಗಳು ಈಗ ಒಂದನೇ ಇಯತ್ತೆಯಲ್ಲಿ ಓದುತ್ತಿದ್ದಾಳೆ. ಓಡುತ್ತಾಳೆ, ಬೀಳುತ್ತಾಳೆ, ಮೊಣಕಾಲು ಕೆತ್ತಿಕೊಂಡು ಬರುತ್ತಾಳೆ.

ಈ ವರ್ಷಗಳಲ್ಲಿ ಅದಕ್ಕೆ ಕಾರಣ ಹುಡುಕದೆ ನಾನು ಕೈಕಟ್ಟಿ ಕೂತಿಲ್ಲ. ನನ್ನದೇ ನಾಡಿಯ ಸದ್ದು ಕಿವಿಯಲ್ಲಿ ಕೇಳಿತು ಎನ್ನೋಣವೆಂದರೆ, ದೊಡ್ಡವರ ನಾಡಿ ಅಷ್ಟು ಜೋರಾಗಿ ಓಡುವುದಿಲ್ಲ. ಮೇಲಿನ ಪಾತ್ರೆ ಅಂಗಡಿಯ ಸದ್ದು ಎನ್ನೋಣವೆಂದರೆ, ಪಾತ್ರೆ ಏಳೇಳಾಗಿ ಎಣಿಸಿಕೊಂಡು ಬಡಿದುಕೊಳ್ಳುವುದಿಲ್ಲ. ಆಯಿಯ ಕತೆ ಕೇಳಿ ನನ್ನ ಮನಸ್ಸು ಹಿಂದಿನದನ್ನು ಕಲ್ಪಿಸಿಕೊಂಡಿತು ಎನ್ನಲು, ಅವಳು ಹೇಳುವ ಮೊದಲೇ ನಾನು ಎದ್ದು ಹೋಗಿ ಕೀಲಿ ತೆಗೆಸಿದ್ದೆ. ಆ ಡಾಕ್ಟರನ್ನೇ ಒಮ್ಮೆ ಕೇಳಿದೆ. ಟೆನ್ಶನ್ನಿನಲ್ಲಿ ಹಾಗೆಲ್ಲ ಆಗುತ್ತದೆ, ಇಂಥ ಸ್ಕ್ಯಾನಿಗೆ ಬರುವ ಎಷ್ಟೋ ಹೆಂಗಸರಿಗೆ ಏನೇನೋ ಕೇಳಿಸುತ್ತದೆ, ಏನೇನೋ ಕಾಣಿಸುತ್ತದೆ ಎಂದರು. ಒಪ್ಪುತ್ತೇನೆ. ಆತಂಕವು ಇಲ್ಲದ ಸದ್ದನ್ನು ಕೇಳಿಸಬಹುದು. ಆದರೆ ಎಂಟನೆಯದನ್ನು ಬಿಡಬೇಕು ಎಂದು ಆತಂಕಕ್ಕೆ ಹೇಗೆ ಗೊತ್ತಾಯಿತು? ಕೇಳಿದ್ದು ನನ್ನ ಕೂಸಿನದೋ, ಆಯಿಯ ಕೂಸಿನದೋ? ಗೋಡೆಗೆ ಒರಗಿ ಕೂತ ನಮ್ಮಿಬ್ಬರಿಗೆ ಮಾತ್ರ ಏಕೆ ಕೇಳಿತು? ನನಗೆ ಗೊತ್ತಿಲ್ಲ.

ನನ್ನ ಶಾಲೆ ಈಗ ಕಬ್ಬೂರಿನ ಕಡೆಗಿದೆ. ಕೆಲಸದ ಮೇಲೆ ಚಿಕ್ಕೋಡಿಗೆ ಹೋಗುವುದು ತಪ್ಪುವುದಿಲ್ಲ. ಬಸ್ಸು ಆ ಕಾಂಪ್ಲೆಕ್ಸಿನ ಮುಂದೆ ನಿಧಾನವಾದಾಗ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು, ಅರ್ಧ ಎಳೆದ ಗೇಟು ಕಾಣುತ್ತವೆ. ಒಳಗೆ ಫೈಲು ಹಿಡಿದು ಕೂತವರ ನೆನಪಾಗುತ್ತದೆ. ನಾನು ನೇಮ ಹಿಡಿಯುವುದನ್ನು ಬಿಟ್ಟಿದ್ದೇನೆ, ಯಾರನ್ನು ಬೇಡಿಕೊಳ್ಳಬೇಕು ಎನ್ನುವುದೂ ಸರಿಯಾಗಿ ತಿಳಿಯದು. ಆದರೂ ಬಸ್ಸು ದಾಟುವವರೆಗೆ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತೇನೆ. ಆ ಗೋಡೆಯ ಆಚೆ ಈಗ ಬಡಿಯುತ್ತಿರುವ ಕೂಸು ಯಾರದೋ ನನಗೆ ಗೊತ್ತಿಲ್ಲ. ನನ್ನದೇ ಎಂದುಕೊಂಡು ಬೇಡಿಕೊಳ್ಳುತ್ತೇನೆ.